ಬೆನ್ನುಗಾಳಿಯ ಪಾಠ

ದೇವನಹಳ್ಳಿಯ ವಿಮಾನ ನಿಲ್ದಾಣದ ಓಡುದಾರಿಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ವಿಮಾನಗಳು ಸಾಮಾನ್ಯವಾಗಿ ಪಶ್ಚಿಮಾಭಿಮುಖವಾಗಿಯೇ ಇಳಿಯುವುವು. ಎದುರುಗಾಳಿಯು ನೆಲಕ್ಕೆ ಹೋಲಿಸಿದ ವೇಗವನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಪ್ಯಾರಾಚೂಟಿನಿಂದ ಇಳಿಯುವವರಿಗೂ ಇದೇ ನಿಯಮ.

ಇಂದಿನ ಕ್ರೀಡಾ ಪ್ಯಾರಾಚೂಟು ಬರಿಯ ಕೊಡೆಯಲ್ಲ. ರೆಕ್ಕೆಯಂತೆ ಮುಂದಕ್ಕೆ ತೇಲುವಂಥದು. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ 10 ಮೀಟರು, ಬೀಸುವ ಗಾಳಿಯ ವೇಗ 3 ಮೀಟರು ಎಂದು ಭಾವಿಸೋಣ. ಎದುರುಗಾಳಿಯಲ್ಲಿ ನೆಲದ ಮೇಲಣ ವೇಗ 7 ಮೀಟರು, ಬೆನ್ನುಗಾಳಿಯಲ್ಲಿ 13. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅವುಗಳ ಪ್ರಮಾಣ 49ಕ್ಕೆ 169. ಎಂದರೆ ಸುಮಾರು ಮೂರೂವರೆ ಪಟ್ಟು.

ಹೀಗಿರುವಾಗ ಬೆನ್ನುಗಾಳಿಯಲ್ಲಿ ಇಳಿಯುವುದನ್ನೇಕೆ ಕಲಿಯಬೇಕು? ನೆಲ ಸಮೀಪಿಸಿದಾಗ ದಿಕ್ಕು ತಪ್ಪಿದೆಯೆಂದು ತಿಳಿದವನು ಗಾಬರಿಯಿಂದ ಪ್ಯಾರಾಚೂಟನ್ನು ಥಟ್ಟನೆ ತಿರುಗಿಸುತ್ತಾನೆ. ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ವಾಲಿ, ಅತಿ ವೇಗದಿಂದ ಕೆಳಕ್ಕಿಳಿಯುವುದು. ಸರಿಯಾಗಿ ಅರಳಿದ ಪ್ಯಾರಾಚೂಟಿನಡಿಯಲ್ಲೇ ಹಲವರು ಪ್ರಾಣ ಕಳೆದುಕೊಂಡಿರುವುದು ಇಂಥ ತಿರುವಿನಿಂದ. ನೇರವಾಗಿ ಬೆನ್ನುಗಾಳಿಯಲ್ಲಿ ಇಳಿಯುವುದು ಅದಕ್ಕಿಂತ ಎಷ್ಟೋ ಮೇಲು.

ಆದಕಾರಣ ಮಂದಗಾಳಿಯ ದಿನ, ವಿಶಾಲವಾದ ಬಯಲಿನಲ್ಲಿ, ಶಿಕ್ಷಕರ ಅನುಮತಿಯಿಂದಲೇ ಇದನ್ನು ಅಭ್ಯಾಸ ಮಾಡಿಸಬೇಕೆಂಬುದು ನಮ್ಮ ಅಭಿಪ್ರಾಯ. ನೆಲ ಹಿಂದಕ್ಕೋಡುವುದನ್ನು ಕಂಡು ಕಣ್ಣು ಮೋಸಹೋಗಿ, ನಿಯಂತ್ರಣದ ಹಗ್ಗಗಳನ್ನು ಬೇಗನೆ ಎಳೆಯುವ ಆತುರ ಹುಟ್ಟುವುದು. ಆದರೆ ಗಾಳಿಗೆ ಹೋಲಿಸಿದ ವೇಗ ಬದಲಾಗಿಲ್ಲ. ಎಳೆಯಬೇಕಾದ ಎತ್ತರವೂ ಎಂದಿನದೇ. ಪ್ಯಾರಾಚೂಟನ್ನು ಸಮವಾಗಿಟ್ಟು, ಕಾಲುಗಳನ್ನು ಜೋಡಿಸಿ, ನೆಲ ಮುಟ್ಟಿದೊಡನೆ ಉರುಳಲು ಸಿದ್ಧರಿರಬೇಕು.

ಸಾಪೇಕ್ಷ ವೇಗದ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಇದನ್ನು ಗಮನಿಸಲಿ. ಆಪತ್ತಿನಲ್ಲಿ ಯೋಚಿಸಲು ಸಮಯವಿರದು. ಮೊದಲೇ ಕೈಗೆ ಬಂದ ವಿದ್ಯೆ ಮಾತ್ರ ಕಾಯುವುದು.