ಮನೆಯ ಸಾಬೂನು: ಉಳಿತಾಯವೆಷ್ಟು, ಉಪದ್ರವವೆಷ್ಟು?

ಬಟ್ಟೆ ಒಗೆಯುವ ಸಾಬೂನಿನ ವಿಷಯವು ಪತ್ರಿಕೆಯ ಈ ಅಂಕಣಕ್ಕೆ ತಕ್ಕುದಲ್ಲವೆಂದು ಕೆಲವರು ಮೂಗು ಮುರಿಯಬಹುದು. ಆದರೆ ಊರು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಅನ್ನ ಸಂಪಾದಿಸುವ ನಮ್ಮ ಜನರಲ್ಲಿ ಬಹುಮಂದಿಯ ಜೀವನವು ಬಿಳಿಯ ಅಂಗಿಯೊಂದರ ಮೇಲೆ ನಿಂತಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಗಲ್ಲೆಯ ಮೇಲೆ ಕುಳಿತವನ ಅಂಗಿ ಮಾಸಿದ್ದರೆ ಗಿರಾಕಿಯು ಹೋಟೆಲನ್ನೇ ಕೊಳಕೆನ್ನುತ್ತಾನೆ. ಕಛೇರಿಯ ಗುಮಾಸ್ತೆಯ ಕೊರಳಪಟ್ಟಿ ಹಳದಿಯಾಗಿದ್ದರೆ ಮೇಲಧಿಕಾರಿಯು ಅವನ ಕಡತವನ್ನು ನೋಡುವ ಮೊದಲು ಕೊರಳಪಟ್ಟಿಯನ್ನೇ ನೋಡುತ್ತಾನೆ. ಹೀಗಿರುವಾಗ ತಿಂಗಳ ಕೊನೆಯಲ್ಲಿ ಊರಿಗೆ ಕಳುಹಿಸುವ ಹಣದಲ್ಲಿ ಎಷ್ಟು ಪಾಲು ಸಾಬೂನಿನ ನೊರೆಯಾಗಿ ಮೋರಿ ಸೇರುತ್ತದೆಂದು ಲೆಕ್ಕ ಹಾಕುವುದು ಅವಮಾನದ ಸಂಗತಿಯಲ್ಲ, ವಿವೇಕದ ಸಂಗತಿ.

ಬಟ್ಟೆಯ ಸಾಬೂನನ್ನೂ ಪುಡಿಯನ್ನೂ ಮನೆಯಲ್ಲಿಯೇ ತಯಾರಿಸಿಕೊಂಡು ಹಣ ಉಳಿಸಿರೆಂಬ ಉಪದೇಶವು ಈಗ ಪ್ರತಿಯೊಬ್ಬರ ಮೊಬೈಲಿನಲ್ಲಿಯೂ ಚಲಚ್ಚಿತ್ರಗಳ ರೂಪದಲ್ಲಿ ಬಂದು ಬೀಳುತ್ತಿದೆ. ಉಪದೇಶವು ಮೂಲತಃ ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಹಿರಿಯರು ಅಂಗಡಿಯ ಸಾಬೂನಿಲ್ಲದೆಯೇ ಶುಭ್ರವಾದ ಬಟ್ಟೆ ಉಟ್ಟರು. ಮಡಿವಾಳರು ಸವಳುಮಣ್ಣಿನಲ್ಲಿ ಬಟ್ಟೆ ನೆನೆಸಿ ಉಬ್ಬೆಗೆ ಹಾಕಿ ಬೇಯಿಸುತ್ತಿದ್ದರು. ಆ ಮಣ್ಣಿನಲ್ಲಿದ್ದುದು ಇಂದು ಅಂಗಡಿಯಲ್ಲಿ ವಾಷಿಂಗ್ ಸೋಡಾ ಎಂದು ಮಾರುವ ಕ್ಷಾರವೇ. ರೇಷ್ಮೆಗೂ ಉಣ್ಣೆಗೂ ಅಂಟುವಾಳಕಾಯಿಯಿತ್ತು. 1888ರಲ್ಲಿ ಕಲಕತ್ತೆಯ ಬಂದರಿನಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಇಳಿದವು. 1959ರಲ್ಲಿ ಸರ್ಫ್ ಪುಡಿ ಬಂದಿತು. 1969ರಲ್ಲಿ ಗುಜರಾತಿನ ಸರ್ಕಾರಿ ಇಲಾಖೆಯೊಂದರಲ್ಲಿ ರಸಾಯನಜ್ಞರಾಗಿದ್ದ ಕರ್ಸನ್‌ಭಾಯಿ ಪಟೇಲರು ಮನೆಯಲ್ಲಿಯೇ ಪುಡಿ ಬೆರೆಸಿ, ಸೈಕಲ್ಲಿನ ಮೇಲೆ ಹೊತ್ತು ಮನೆಮನೆಗೆ ಮಾರಿದುದರಿಂದ ನಿರ್ಮಾ ಹುಟ್ಟಿತು. ಆದುದರಿಂದ ಮನೆಯಲ್ಲಿ ಪುಡಿ ಮಾಡುವುದು ಹಾಸ್ಯಾಸ್ಪದವೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಪಟೇಲರು ತಾವು ಬೆರೆಸುತ್ತಿದ್ದ ವಸ್ತು ಯಾವುದೆಂಬುದನ್ನು ಬಲ್ಲವರಾಗಿದ್ದರು. ಚಲಚ್ಚಿತ್ರ ನೋಡಿ ಬೆರೆಸಲು ಹೊರಟವರು ಅದನ್ನು ಬಲ್ಲರೇ ಎಂಬುದು ನಮ್ಮ ಪ್ರಶ್ನೆ.

ಮೊದಲನೆಯ ಗೊಂದಲವು ಹೆಸರಿನದು. ಸೋಡಾ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆಬೇರೆ ವಸ್ತುಗಳಿವೆ. ಬಜ್ಜಿ ಹಿಟ್ಟಿಗೆ ಹಾಕುವ ಅಡಿಗೆ ಸೋಡಾ ಒಂದು. ಬಟ್ಟೆಯ ಕೊಳೆಯ ಮುಂದೆ ಅದರ ಶಕ್ತಿ ಅತ್ಯಲ್ಪ. ವಾಷಿಂಗ್ ಸೋಡಾ ಎರಡನೆಯದು. ಇದೇ ಒಗೆತಕ್ಕೆ ತಕ್ಕುದು. ಮೂರನೆಯದು ಕಾಸ್ಟಿಕ್ ಸೋಡಾ. ಇದು ಎಣ್ಣೆಯನ್ನು ಸಾಬೂನಾಗಿಸುವ ಉಗ್ರವಾದ ಕ್ಷಾರ. ಅಂಗಡಿಯವನಲ್ಲಿ ಬರಿದೇ ‘ಸೋಡಾ ಕೊಡಿ’ ಎಂದು ಕೇಳಿ ತಂದವನು ಹಣವನ್ನೂ ಕಳೆದುಕೊಳ್ಳಬಹುದು, ಕೈಯನ್ನೂ ಸುಟ್ಟುಕೊಳ್ಳಬಹುದು.

ಎರಡನೆಯ ಗೊಂದಲವು ಇದಕ್ಕಿಂತ ದೊಡ್ಡದು. ಸಾಬೂನು ಬೇರೆ, ಡಿಟರ್ಜೆಂಟು ಬೇರೆ. ಎಣ್ಣೆಗೂ ಕ್ಷಾರಕ್ಕೂ ಸಂಯೋಗವಾದರೆ ಸಾಬೂನು. ಕಾರ್ಖಾನೆಯ ಪುಡಿಯಲ್ಲಿರುವ ಮುಖ್ಯ ವಸ್ತುವು ಪೆಟ್ರೋಲಿಯಂ ಮೂಲದಿಂದ ಬಂದುದು. ಬಟ್ಟೆ ಒಗೆಯುವಾಗ ಈ ಭೇದವು ಗೊತ್ತಾಗುವುದು ನೀರಿನಲ್ಲಿ. ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನನ್ನು ಮೊದಲು ತಿಂದುಹಾಕುತ್ತದೆ; ನೊರೆಯ ಬದಲು ಮೊಸರಿನಂತಹ ಕರಣೆ ಏಳುತ್ತದೆ; ಆ ಕರಣೆ ಬಟ್ಟೆಯ ನೂಲಿನಲ್ಲಿ ಕುಳಿತು ಬಿಳಿಯದನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಕಾರ್ಖಾನೆಯ ಪುಡಿಗೆ ಈ ತೊಂದರೆ ಬಹಳ ಕಡಿಮೆ. ಚಲಚ್ಚಿತ್ರಗಳಲ್ಲಿ ‘ಮನೆಯ ಡಿಟರ್ಜೆಂಟು’ ಎಂದು ತೋರಿಸುವುದು ಹೆಚ್ಚಾಗಿ ಬಾರ್ ಸೋಪನ್ನು ತುರಿದು ಸೋಡಾ ಬೆರೆಸಿದ ಪುಡಿ. ಅಂದರೆ ಅದು ಸಾಬೂನೇ ಹೊರತು ಡಿಟರ್ಜೆಂಟಲ್ಲ.

ಇದರ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನೊಳಗಿದ್ದರೆ ಉತ್ತಮವೆಂದೂ, ಬೇರೆ ನೀರಿಲ್ಲದೆಡೆ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ನಿಮ್ಮ ಕೊಳವೆ ಬಾವಿಯ ನೀರಿನಲ್ಲಿ 300 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳಿ. 20 ಲೀಟರಿನ ಒಂದು ಬಾಲ್ದಿಯಲ್ಲಿ 6 ಗ್ರಾಂ ಗಡಸುತನವಾಯಿತು. ಅದನ್ನು ತಣಿಸಲು ಸುಮಾರು 36 ಗ್ರಾಂ ಸಾಬೂನು ವ್ಯರ್ಥವಾಗಬೇಕು. ಆಮೇಲೆಯೇ ಕೊಳೆಯ ಪಾಳಿ. ದಿನಕ್ಕೊಂದು ಬಾಲ್ದಿಯಂತೆ ಒಗೆಯುವವನ ಸಾಬೂನಿನಲ್ಲಿ ತಿಂಗಳಿಗೆ ಒಂದು ಕಿಲೋವಿಗಿಂತ ಹೆಚ್ಚು ಕೊಳೆಯನ್ನು ಮುಟ್ಟದೆಯೇ ಮೋರಿಗೆ ಹೋಯಿತು! ಇದು ಉಳಿತಾಯವೇ? ಅದೇ ನೀರಿಗೆ ಸಾಬೂನು ಹಾಕುವ ಮೊದಲು ಏಳು ಗ್ರಾಂ ನೀರಿಲ್ಲದ ವಾಷಿಂಗ್ ಸೋಡಾ, ಎಂದರೆ ಒಂದೆರಡು ಚಹಾ ಚಮಚದಷ್ಟು, ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ಸುಣ್ಣದ ಅಂಶವು ಸೋಡಾದೊಡನೆ ಸೇರಿ ಕೆಳಗಿಳಿಯುತ್ತದೆ; ಸಾಬೂನು ಉಳಿಯುತ್ತದೆ. ಮನೆಯ ಸಾಬೂನಿನ ಉಳಿತಾಯವೆಲ್ಲ ಈ ಚಮಚದಲ್ಲಿದೆಯೆಂದರೆ ಅತಿಶಯೋಕ್ತಿಯಾಗದು.

ಆದಕಾರಣ ಒಬ್ಬರಿಗೆ ಲಾಭವಾದುದು ಇನ್ನೊಬ್ಬರಿಗೆ ಲಾಭವಾಗಲೇಬೇಕೆಂದಿಲ್ಲ. ತಾನಸಾ, ವೈತರಣಾ, ಭಾತಸಾ ಮುಂತಾದ ಜಲಾಶಯಗಳ ಮಳೆಯ ನೀರು ಕುಡಿಯುವ ಮುಂಬಯಿಯ ನಲ್ಲಿಯಲ್ಲಿ ಸಾಬೂನು ಚೆನ್ನಾಗಿ ನೊರೆಯಾಡುತ್ತದೆ. ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕೊಳವೆ ಬಾವಿಯನ್ನೋ ಟ್ಯಾಂಕರನ್ನೋ ನಂಬಿದವರ ಪಾಡು ಬೇರೆ. ಪರೀಕ್ಷೆಗೆ ಪ್ರಯೋಗಶಾಲೆ ಬೇಡ. ಶುಭ್ರವಾದ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಾರ್ ಸೋಪಿನ ಒಂದು ಚಿಕ್ಕ ಚೂರು ಹಾಕಿ ಚೆನ್ನಾಗಿ ಕುಲುಕಿರಿ. ನೊರೆ ನಿಂತು ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಇಳಿದು ನೀರು ಹಾಲಿನಂತೆ ಕದಡಿದರೆ ಗಡಸು ನೀರು. ಮೆದು ನೀರಿನವರು ತುರಿದ ಬಾರ್ ಸೋಪು ಒಂದು ಪಾಲು, ವಾಷಿಂಗ್ ಸೋಡಾ ಒಂದು ಪಾಲು ಬೆರೆಸಿ ಒಣ ಡಬ್ಬಿಯಲ್ಲಿಟ್ಟುಕೊಳ್ಳಬಹುದು. ಗಡಸು ನೀರಿನವರಿಗೆ ಸೋಡಾ ಎರಡು ಪಾಲಿರಲಿ. ಅಷ್ಟಾದರೂ ಒಳ್ಳೆಯ ಅಂಗಿಗೆ ಅಂಗಡಿಯ ಪುಡಿಯನ್ನೇ ಉಳಿಸಿಕೊಂಡು, ಒರೆಸುವ ಬಟ್ಟೆ, ಪಂಚೆ, ಹಾಸಿಗೆಯ ಹೊದಿಕೆಗಳಿಗೆ ಮಾತ್ರ ಮನೆಯ ಪುಡಿ ಬಳಸುವುದು ಲೇಸು. ಕಾರ್ಖಾನೆಯ ಪುಡಿಯಲ್ಲಿ ಬಿಳುಪನ್ನು ಹೊಳೆಯಿಸುವ ದ್ರವ್ಯವಿರುತ್ತದೆ. ಮನೆಯದರಲ್ಲಿ ಅದಿಲ್ಲವಾದ ಕಾರಣ ಕೊನೆಯ ಜಾಲಾಟದ ನೀರಿಗೆ ಒಂದೆರಡು ಹನಿ ನೀಲಿ ಬೇಕಾಗುತ್ತದೆ. ಇನ್ನೊಂದು ಮಾತು. ಸಾಂಬಾರಿನ ಕಲೆಗೆ ಸಾಬೂನು ತಾಗಿದೊಡನೆ ಅದು ಕೆಂಪಾದರೆ ಗಾಬರಿ ಬೇಡ. ಅರಿಸಿನವು ಕ್ಷಾರದಲ್ಲಿ ಕೆಂಪಾಗುವುದು ಸಹಜ. ತಿಕ್ಕಿ ತಿಕ್ಕಿ ಅಂಗಿಯನ್ನು ಹರಿಯುವ ಬದಲು ಬಿಸಿಲಿಗೆ ಹರವಿದರೆ ಆ ಬಣ್ಣವು ತಾನೇ ಮಾಸುತ್ತದೆ.

ಇಷ್ಟರವರೆಗೆ ಅಪಾಯವಿಲ್ಲ. ಅಪಾಯವಿರುವುದು ಮುಂದಿನ ಹೆಜ್ಜೆಯಲ್ಲಿ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಸಾಬೂನು ಕಟ್ಟುವುದನ್ನೂ, ರಾಸಾಯನಿಕ ಪೇಟೆಯಿಂದ ಆಸಿಡ್ ಸ್ಲರಿ ತಂದು ಸೋಡಾದೊಡನೆ ಕಲಸಿ ಪುಡಿ ಮಾಡುವುದನ್ನೂ ಚಲಚ್ಚಿತ್ರಗಳು ಹಪ್ಪಳ ಒತ್ತಿದಷ್ಟು ಸುಲಭವೆಂಬಂತೆ ತೋರಿಸುತ್ತವೆ. ಆಸಿಡ್ ಸ್ಲರಿಯಲ್ಲಿ ಗಂಧಕಾಮ್ಲದ ಅಂಶವಿರುತ್ತದೆ. ಸೋಡಾ ತಾಗಿದಾಗ ಬಿಸಿಯಾಗಿ ನೊರೆಯುಕ್ಕುತ್ತದೆ. ಕಾಸ್ಟಿಕ್ ಸೋಡಾವು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಹಾರಿದರೆ ದೃಷ್ಟಿಯನ್ನೇ ಕಳೆಯಬಲ್ಲುದು. ಅದನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಕೂಡದು. ಅಲ್ಯುಮಿನಿಯಂ ಪಾತ್ರೆಯನ್ನು ಅದು ಕೊರೆದು, ಬೆಂಕಿ ಹತ್ತುವ ಅನಿಲವನ್ನು ಹೊರಡಿಸುತ್ತದೆ. ಪ್ರಮಾಣವೂ ಎಣ್ಣೆಯಿಂದ ಎಣ್ಣೆಗೆ ಬೇರೆ: ಒಂದು ಕಿಲೋ ಸೂರ್ಯಕಾಂತಿ ಎಣ್ಣೆಗೆ ಸುಮಾರು 134 ಗ್ರಾಂ, ಪಾಮ್ ಎಣ್ಣೆಗೆ 141 ಗ್ರಾಂ, ಕೊಬ್ಬರಿ ಎಣ್ಣೆಗೆ 183 ಗ್ರಾಂ ಕಾಸ್ಟಿಕ್ ಬೇಕು. ಕೊಬ್ಬರಿ ಎಣ್ಣೆಯ ಅಳತೆಯನ್ನು ಸೂರ್ಯಕಾಂತಿಗೆ ಹಾಕಿದವನ ಸಾಬೂನು ಕೊಳೆಯ ಬದಲು ಕೈಯ ತೊಗಲನ್ನೇ ತೆಗೆಯುತ್ತದೆ. ಕಟ್ಟಿದ ಸಾಬೂನನ್ನು ಒಂದು ತಿಂಗಳಾದರೂ ಗಾಳಿಯಲ್ಲಿ ಹದಗೊಳಿಸಬೇಕು.

ಈಗ ನಮ್ಮ ಜನರು ಬಾಳುವ ಸ್ಥಳವನ್ನು ನೆನೆಯಿರಿ. ಚಾಳಿನ ಒಂದೇ ಖೋಲಿಯಲ್ಲಿ ಗಂಡಹೆಂಡಿರು, ಮಕ್ಕಳು, ಊರಿನಿಂದ ಬಂದ ತಮ್ಮ. ಹೋಟೆಲಿನ ಅಟ್ಟದಲ್ಲಿ ಪಾಳಿ ಮುಗಿಸಿ ಒತ್ತಾಗಿ ಮಲಗಿದ ಹುಡುಗರು. ಅಲ್ಲಿ ಕಾಸ್ಟಿಕ್ ಕರಗಿಸುವ ಮೂಲೆಯಾವುದು? ಅದನ್ನು ತುಂಬಿಟ್ಟ ನೀರಿನ ಬಾಟಲಿಯನ್ನು ಕತ್ತಲಲ್ಲಿ ಬಾಯಾರಿದವನು ಎತ್ತಿ ಕುಡಿದರೆ ಯಾರು ಹೊಣೆ? ಉಳಿಸುವ ಹಣಕ್ಕೆ ಒಂದು ಮಗುವಿನ ಕಣ್ಣನ್ನು ಪಣವಿಡುವುದು ಮಿತವ್ಯಯವಲ್ಲ, ಜೂಜು. ಒಂದೇ ಖೋಲಿಯ ಸಂಸಾರಗಳಲ್ಲಿಯೂ ಹೋಟೆಲಿನ ಅಟ್ಟಗಳಲ್ಲಿಯೂ ಕಾಸ್ಟಿಕ್ ಸೋಡಾವಾಗಲಿ ಆಸಿಡ್ ಸ್ಲರಿಯಾಗಲಿ ಕಾಲಿಡಕೂಡದೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಹಾಗಾದರೆ ಎಣ್ಣೆಯ ಸಾಬೂನನ್ನು ಕೈಬಿಡಬೇಕೇ? ಬೇಕಾಗಿಲ್ಲ. ನಮ್ಮ ಹೋಟೆಲುಗಳಲ್ಲಿ ವಡೆ, ಬೋಂಡ, ಪೂರಿ ಕರಿದ ಎಣ್ಣೆ ಬಾಣಲೆಯಲ್ಲಿ ಉಳಿಯುತ್ತದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳ ಪ್ರಮಾಣವು ಶೇಕಡಾ 25ನ್ನು ಮೀರಿದರೆ ಅದನ್ನು ಮತ್ತೆ ಅಡಿಗೆಗೆ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈ 1ರಿಂದ ನಿಯಮ ಜಾರಿಗೊಳಿಸಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ದೊಡ್ಡ ಹೋಟೆಲುಗಳು ಲೆಕ್ಕವಿಟ್ಟು ಅಧಿಕೃತರಿಗೇ ಅದನ್ನು ಒಪ್ಪಿಸಬೇಕು. ಚಿಕ್ಕ ಹೋಟೆಲುಗಳ ಎಣ್ಣೆಯಾದರೋ ಮೋರಿಗೆ ಹೋಗುವುದು, ಇಲ್ಲವೇ ಬೀದಿಬದಿಯ ಬಾಣಲೆಗೆ ಅಗ್ಗವಾಗಿ ಮಾರಾಟವಾಗಿ ಬಡವನ ಹೊಟ್ಟೆಯನ್ನೇ ಸೇರುವುದು. ಅದನ್ನು ಸೋಸಿ, ಬಲ್ಲವರೊಬ್ಬರ ಕೈಯಲ್ಲಿ, ತಕ್ಕ ಸ್ಥಳದಲ್ಲಿ, ಕೈಗವಸು ಕಣ್ಗವಸುಗಳೊಡನೆ ಸಾಬೂನಾಗಿಸಿದರೆ ಕೆಲಸಗಾರರಿಗೆ ಬಟ್ಟೆಗೂ ನೆಲಕ್ಕೂ ಸಾಬೂನು ಸಿಗದೇ? ಅಡಿಗೆಗೆ ಬಾರದ ಬೇವು, ಹೊಂಗೆ, ಹಿಪ್ಪೆಯ ಎಣ್ಣೆಗಳಿಂದ ಸಾಬೂನು ಮಾಡುವುದನ್ನು ಖಾದಿ ಗ್ರಾಮೋದ್ಯೋಗ ಆಯೋಗವು ಒಂದು ಉದ್ಯಮವಾಗಿಯೇ ಬೆಳೆಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯನ್ನು ಕಟ್ಟಿದ ನಾಡಿನವರು ನಾವು. ಹತ್ತು ಹೋಟೆಲುಗಳ ಯಜಮಾನರು ಕೂಡಿ, ಇಲ್ಲವೇ ನಮ್ಮ ಕನ್ನಡ ಸಂಘಗಳಲ್ಲೊಂದು ಮುಂದಾಗಿ, ಇಷ್ಟನ್ನು ನಡೆಸಲಾರದೇ? ಒಬ್ಬೊಬ್ಬನು ತನ್ನ ಖೋಲಿಯಲ್ಲಿ ಮಾಡಿದರೆ ಅಪಾಯ. ಹತ್ತು ಜನರು ಕೂಡಿ ಬಯಲಿನಲ್ಲಿ ಮಾಡಿದರೆ ಉದ್ಯೋಗ.

ಕೊನೆಯದಾಗಿ, ಎಲ್ಲರೂ ಮರೆಯುವ ಒಂದು ಪ್ರಶ್ನೆ. ಮಾಣಿಯ ಸಮವಸ್ತ್ರವನ್ನು ಒಗೆಯುವ ಖರ್ಚು ಯಾರದು? ಅಂಗಿಯ ಮೇಲೆ ಬಿದ್ದ ಸಾಂಬಾರು ಅವನ ಊಟದ ಸಾಂಬಾರಲ್ಲ. ಗಿರಾಕಿಗೆ ಬಡಿಸಿದ ಸಾಂಬಾರು. ಸರ್ಕಾರಿ ಕಛೇರಿಯ ಜವಾನನಿಗೆ ಒಗೆತದ ಭತ್ಯೆ ದೊರೆಯುತ್ತಿತ್ತು. ಕೇಂದ್ರ ಸರ್ಕಾರದಲ್ಲಿ 2017ರಿಂದ ಅದು ಉಡುಪಿನ ಭತ್ಯೆಯೊಳಗೆ ಸೇರಿದೆ. ಸರ್ಕಾರಕ್ಕೆ ತೋರಿದ ಈ ನ್ಯಾಯವು ಹೋಟೆಲಿಗೆ ತೋರಬಾರದೇಕೆ? ಸಮವಸ್ತ್ರ ಕಡ್ಡಾಯವೆನ್ನುವ ಯಜಮಾನರು ತಿಂಗಳಿಗಿಷ್ಟು ಸಾಬೂನನ್ನು ಕೊಡುವುದು ಔದಾರ್ಯವಲ್ಲ, ಕರ್ತವ್ಯ. ಅನೇಕ ಯಜಮಾನರು ಒಂದು ಕಾಲದಲ್ಲಿ ತಾವೇ ಲೋಟ ತೊಳೆದು ಮೇಲೆ ಬಂದವರು. ಅವರಿಗೆ ಇದನ್ನು ನಾವು ವಿಸ್ತರಿಸಿ ಹೇಳಬೇಕಾಗಿಲ್ಲ.

ಕೆಲಸಗಾರರಿಗೂ ಒಂದು ಮಾತು. ನಿಮ್ಮ ವೇಳೆಗೂ ಬೆಲೆಯಿದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಹೋಟೆಲಿನ ಹುಡುಗರ ಸಂಖ್ಯೆ ಅಲ್ಪವಲ್ಲ. ವಾರದ ಒಂದೇ ರಜೆಯನ್ನೆಲ್ಲ ಸಾಬೂನು ತುರಿಯುವುದರಲ್ಲಿ ಕಳೆದು ನಾಲ್ಕು ಕಾಸು ಉಳಿಸಿದವನು, ಅದೇ ಹೊತ್ತಿನಲ್ಲಿ ಕಲಿಯಬಹುದಾಗಿದ್ದ ವಿದ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ತಿಂಗಳಿಗೊಮ್ಮೆ ಅರ್ಧ ಗಂಟೆಯಲ್ಲಿ ಬೆರೆಸಿಟ್ಟುಕೊಳ್ಳುವ ಪುಡಿ ಸಾಕು. ದಿನವಿಡೀ ನೀರಿನಲ್ಲಿ ಕೈಯಿಟ್ಟು ಬೆರಳು ಬಿರಿದವರು ಸೋಡಾ ಮುಟ್ಟುವಾಗ ಕೈಗವಸು ಹಾಕಿಕೊಳ್ಳಲಿ; ರೇಷ್ಮೆ, ಉಣ್ಣೆಗಳಿಗೆ ಸೋಡಾ ತಾಗಿಸದಿರಲಿ. ಅಂಗಡಿಯ ಪುಡಿ ಬಳಸುವವರು ಮುಷ್ಟಿಯಿಂದ ಸುರಿಯುವುದನ್ನು ಬಿಟ್ಟು ಚಮಚದಿಂದ ಅಳೆಯಲಿ. ನೊರೆಯೇ ಶುಭ್ರತೆಯೆಂಬುದು ಭ್ರಮೆ.

ಉಳಿತಾಯವೆಂಬುದು ಕೈಗೆ ಸಿಕ್ಕುದನ್ನೆಲ್ಲ ಬೆರೆಸುವುದರಲ್ಲಿಲ್ಲ; ನೀರನ್ನು ಅರಿತು, ಅಳತೆಯನ್ನು ಅರಿತು, ತನ್ನ ಮಿತಿಯನ್ನೂ ಅರಿತು ಬಳಸುವುದರಲ್ಲಿದೆ. ಯಜಮಾನರು ತಮ್ಮ ಪಾಲನ್ನು ಕೊಡಲಿ, ಸಂಘಗಳು ತಮ್ಮ ಅಂಗಳವನ್ನು ಕೊಡಲಿ, ಕೆಲಸಗಾರರು ಒಂದು ಚಮಚ ಸೋಡಾದ ಗುಟ್ಟನ್ನು ತಿಳಿಯಲಿ. ಆಗ ಅಂಗಿಯೂ ಬಿಳಿಯಾಗುವುದು, ಊರಿಗೆ ಹೋಗುವ ಹಣವೂ ಒಂದಿಷ್ಟು ಹೆಚ್ಚುವುದು ಎಂದು ನಾವು ನಂಬುತ್ತೇವೆ.