ಹಂಡೆ ನೀರಿಗೆ ಐದು ಸಾವಿರ!

‘ಅಲ್ಲ ಕಣೆ, ಹಂಡೆ ನೀರಲ್ಲಿ ಮೀಯೋಕೆ ಐದು ಸಾವಿರ ಕೊಟ್ಟು ಬಂದ್ಯಾ?’

ಫೋನಿನಲ್ಲಿ ಅಮ್ಮ ಕೇಳಿದ್ದು ಇಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಆಕೆ ನಿಜಕ್ಕೂ ಅರ್ಥವಾಗದೆ ಕೇಳಿದ್ದಳು, ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆ ತಲೆಯಲ್ಲೇ ಕೂತಿದೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಡಿಗ್ರಿ ಮುಗಿಸಿ ಎಂಟು ತಿಂಗಳು ಅರ್ಜಿ ಹಾಕಿ ಹಾಕಿ ಸುಸ್ತಾದ ಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಕೈಗೆ ಬರುವುದು 23 ಸಾವಿರ. ಪಿ.ಜಿ.ಗೆ 8,500 ಹೋಗುತ್ತದೆ, ಮನೆಗೆ ಐದು ಸಾವಿರ ಕಳಿಸುತ್ತೇನೆ. ಉಳಿದದ್ದು ಬಸ್ಸು, ಮೆಟ್ರೊ, ಮಧ್ಯಾಹ್ನದ ಊಟ ಅನ್ನುವಷ್ಟರಲ್ಲಿ ಇಪ್ಪತ್ತೈದನೇ ತಾರೀಖು ಬಂದಿರುತ್ತದೆ. ಮೊದಲ ಕೆಲಸದಲ್ಲಿರುವ ಎಲ್ಲರ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ ಬಿಡಿ.

ಆಫೀಸಿನಲ್ಲಿ ನಾವು ನಾಲ್ವರು ಗೆಳತಿಯರು. ಒಬ್ಬಳು ಬೆಂಗಳೂರಿನವಳೇ, ಒಬ್ಬಳು ಕಲಬುರಗಿಯವಳು, ಇನ್ನೊಬ್ಬಳು ಮಂಗಳೂರು ಕಡೆಯವಳು. ಜೂನ್‌ನಲ್ಲಿ ಒಂದು ದಿನ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ರೀಲ್ ಬಂದು ಬಿತ್ತು. ಮಂಜು, ಹೆಂಚಿನ ಮಾಡು, ತಾಮ್ರದ ಹಂಡೆಯಿಂದ ಏಳುವ ಹಬೆ, ಹಿನ್ನೆಲೆಯಲ್ಲಿ ಕೊಳಲು. ‘ಮಲೆನಾಡಿನ ಅಜ್ಜಿಮನೆ’ ಎಂಬ ಥೀಮಿನ ರೆಸಾರ್ಟ್. ಮೂವರೂ ಕೆಂಪು ಹಾರ್ಟ್ ಒತ್ತಿದರು. ನಾನೂ ಒತ್ತಿದೆ.

‘ಇದೆಲ್ಲ ನಮ್ಮ ಮನೇಲೇ ಇದೆ ಕಣ್ರೇ’ ಎಂದು ಬರೆದು ಅಳಿಸಿದ್ದು ನಿಜ. ದುಡ್ಡಿಲ್ಲದ್ದಕ್ಕೆ ನೆಪ ಹೇಳುತ್ತಿದ್ದಾಳೆ ಅಂದುಕೊಂಡಾರು ಎಂಬ ಅಳುಕು. ನಮ್ಮ ವಯಸ್ಸಿನಲ್ಲಿ ಅರ್ಧ ಖರ್ಚು ಇಂಥ ಅಳುಕಿನಿಂದಲೇ ಆಗುತ್ತದೆ ಎಂದು ನನ್ನ ಅನುಮಾನ.

ಲೆಕ್ಕ ಹೀಗಿತ್ತು. ಒಂದು ಕೋಣೆಗೆ ದಿನಕ್ಕೆ 8,500. ಎರಡು ಕೋಣೆಗೆ 17,000. ಇದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 3,060. ತಲೆಗೆ 5,015 ರೂಪಾಯಿ. ರೀಲ್‌ನಲ್ಲಿ ತೆರಿಗೆಯ ಸುದ್ದಿಯೇ ಇರಲಿಲ್ಲ. ಬುಕ್ ಮಾಡುವ ಮೊದಲು ನೀವಾದರೂ ಇದನ್ನು ನೋಡಿಕೊಳ್ಳಿ: ಕೋಣೆಯ ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ ಶೇ 18 ತೆರಿಗೆ, ಅದರೊಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ಶೇ 5 ಮಾತ್ರ. 7,500ರ ಕೋಣೆ ತೆರಿಗೆ ಸೇರಿ 7,875ಕ್ಕೆ ಮುಗಿದರೆ, 8,500ರದ್ದು 10,030 ಆಗುತ್ತದೆ. ಸಾವಿರ ರೂಪಾಯಿಯ ವ್ಯತ್ಯಾಸ ಬಿಲ್ಲಿನಲ್ಲಿ ಎರಡು ಸಾವಿರ ದಾಟಿರುತ್ತದೆ. ಕಾಮರ್ಸ್ ಓದಿದ ನಾನೇ ಇದನ್ನು ಗಮನಿಸಿದ್ದು ಬಿಲ್ ಕೈಗೆ ಬಂದ ಮೇಲೆ.

ಮಧ್ಯಾಹ್ನ ಒಂದಕ್ಕೆ ಚೆಕ್-ಇನ್, ಮರುದಿನ ಹನ್ನೊಂದಕ್ಕೆ ಚೆಕ್-ಔಟ್. ಇಪ್ಪತ್ತೆರಡು ಗಂಟೆ. ಗಂಟೆಗೆ 228 ರೂಪಾಯಿ. ನಿದ್ದೆ ಮಾಡುವಾಗಲೂ ಮೀಟರ್ ಓಡುತ್ತಿದೆ ಅನ್ನಿಸಿ ರಾತ್ರಿ ಎರಡು ಸಲ ಎಚ್ಚರವಾಯಿತು.

ಜಾಗ ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಗಳ ಗುಡಿಸಿ ರಂಗೋಲಿ ಹಾಕಿದ್ದರು. ಜಗಲಿಯಲ್ಲಿ ಕೆತ್ತನೆಯ ಮುಂಡಿಗೆಗಳಿದ್ದವು. ಅವನ್ನು ನೋಡಿ ನಾನು ನಿಂತುಬಿಟ್ಟೆ. ನಮ್ಮ ಅಜ್ಜನ ಕಾಲದ ಮನೆ ಪಾಲಾದಾಗ ದೊಡ್ಡಪ್ಪನ ಪಾಲಿಗೆ ಬಂದ ಭಾಗವನ್ನು ಕೆಡವಿದ್ದರು. ಅಲ್ಲಿದ್ದ ನಾಲ್ಕು ಮುಂಡಿಗೆ, ಹೆಬ್ಬಾಗಿಲು, ಒಂದು ಪತ್ತಾಯ ಎಲ್ಲವನ್ನೂ ಹಳೆ ಮರದ ವ್ಯಾಪಾರಿಯೊಬ್ಬ ಲಾರಿಯಲ್ಲಿ ಹೇರಿಕೊಂಡು ಹೋಗಿದ್ದ. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ಅದರಲ್ಲೊಂದು ಮುಂಡಿಗೆಯ ಬುಡದಲ್ಲಿ ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕೈವಾರದ ಮೊನೆಯಿಂದ ಹೆಸರು ಕೊರೆದು ಪೆಟ್ಟು ತಿಂದಿದ್ದೆ. ರೆಸಾರ್ಟಿನ ನಾಲ್ಕೂ ಮುಂಡಿಗೆಗಳನ್ನು ಸುತ್ತಿ, ಕುಕ್ಕರುಗಾಲಿನಲ್ಲಿ ಕೂತು ಬುಡ ನೋಡಿದೆ. ಇರಲಿಲ್ಲ. ಸಮಾಧಾನವೂ ಆಯಿತು, ಬೇಸರವೂ ಆಯಿತು. ‘ಏನೇ ಹುಡುಕ್ತಿದ್ದೀಯಾ?’ ಅಂದಳು ಬೆಂಗಳೂರಿನವಳು. ‘ಕಿವಿಯೋಲೆ’ ಅಂದೆ.

ಹಂಡೆ ಸ್ನಾನಕ್ಕೆ ಬೇರೆ 300 ರೂಪಾಯಿ. ಹಂಡೆಯ ಕೆಳಗೆ ಉರಿ ಇತ್ತು, ಫೋಟೊಕ್ಕೆ ಬೇಕಲ್ಲ. ಆದರೆ ಹಂಡೆಗೆ ನೀರು ಬೀಳುತ್ತಿದ್ದ ನಲ್ಲಿಯೇ ಬಿಸಿಯಾಗಿತ್ತು. ಹಿಂದೆಲ್ಲೋ ಗೀಸರ್ ಇದೆ. ನಮ್ಮ ಬಚ್ಚಲಲ್ಲಿ ಅಡಿಕೆ ಹಾಳೆ, ಒಣಗಿದ ಸೋಗೆ ತುರುಕಿ, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಮಿಂದವರಿಗೆ ಹೊಗೆಯ ವಾಸನೆಯಿಲ್ಲದ ಹಂಡೆ ನೀರು ಉಪ್ಪಿಲ್ಲದ ಗಂಜಿಯ ಹಾಗೆ.

ಇನ್ನೂ ತಮಾಷೆಯೆಂದರೆ ‘ನಾಟಿ ಅನುಭವ’. ತಲೆಗೆ 400 ರೂಪಾಯಿ. ಎರಡು ಮಂಚದಗಲದ ಗದ್ದೆ, ಕೆಸರು, ಪಕ್ಕದಲ್ಲಿ ಸಸಿಯ ಕಟ್ಟು. ನಾನು ರೂಢಿಯ ಮೇಲೆ ನೆಟ್ಟುಕೊಂಡು ಹೋದೆ. ಅಲ್ಲಿದ್ದ ಹುಡುಗ ನನ್ನ ಕೈಯನ್ನೇ ನೋಡಿ, ‘ಮೇಡಂ, ನಿಮಗೆ ಬರ್ತದಲ್ಲ, ನೀವ್ಯಾಕೆ ದುಡ್ಡು ಕೊಟ್ರಿ?’ ಅಂದ. ಎಲ್ಲ ಮುಗಿದ ಮೇಲೆ ಈ ಸಸಿ ಏನಾಗುತ್ತದೆ ಎಂದು ಕೇಳಿದೆ. ‘ಸಂಜೆ ಕಿತ್ತು ತೊಳೆದಿಡ್ತೀವಿ. ನಾಳೆ ಬರೋರಿಗೆ ಬೇಕಲ್ಲ.’

ಆ ಭತ್ತ ಎಂದೂ ತೆನೆ ಬಿಡುವುದಿಲ್ಲ. ಅದನ್ನು ನೆನೆದರೆ ಈಗಲೂ ಏನೋ ಒಂಥರಾ ಆಗುತ್ತದೆ.

ಇಲ್ಲಿಗೇ ನಿಲ್ಲಿಸಿ ‘ಥೀಮ್ ರೆಸಾರ್ಟ್ ಎಂದರೆ ಮೋಸ, ದುಡ್ಡು ದಂಡ’ ಎಂದು ಬರೆದರೆ ನನಗೆ ಸುಲಭ. ಆದರೆ ಎರಡು ವಿಷಯ ಅಡ್ಡ ಬರುತ್ತವೆ.

ಒಂದು, ಕಲಬುರಗಿಯ ಗೆಳತಿ. ರಾತ್ರಿ ಮಳೆ ಹಿಡಿದಾಗ ಅವಳು ಹಾಸಿಗೆಯಿಂದ ಎದ್ದು ಜಗಲಿಗೆ ಹೋಗಿ ಕೂತಳು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅವಳ ಊರಿನಲ್ಲಿ ಕಲ್ಲುಹಾಸಿನ ಮನೆ, ಮೇಲೆ ಮಾಳಿಗೆ. ‘ನಮ್ಮ ಕಡಿ ಮಳಿ ಬಂದ್ರ ಬರೇ ವಾಸನಿ ಬರ್ತದ, ಇಲ್ಲಿ ಮಾತಾಡ್ತದಲ್ಲ’ ಅಂದಳು. ಒಂದು ಗಂಟೆ ಸುಮ್ಮನೆ ಕೂತಿದ್ದಳು, ಮೊಬೈಲ್ ಕೂಡ ಕೈಯಲ್ಲಿರಲಿಲ್ಲ. ನನಗೆ ಚಿಕ್ಕಂದಿನಿಂದ ಜೋಗುಳವಾಗಿದ್ದ ಸದ್ದು ಅದು. ಅವಳಿಗೆ ಐದು ಸಾವಿರದ ಪೂರ್ತಿ ಬೆಲೆ ಅಲ್ಲೇ ಸಂದಾಯವಾಗಿತ್ತು. ಅವಳ ಎದುರು ನಿಂತು ‘ದಂಡ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಎರಡು, ಅಡುಗೆಮನೆಯ ಅಕ್ಕ. ಬೆಳಿಗ್ಗೆ ಒಲೆಯ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ನನ್ನ ಮಾತು ಕೇಳಿ, ‘ಯಾವೂರಾಯ್ತಮ್ಮ?’ ಅಂದರು. ಹೇಳಿದೆ. ನಕ್ಕರು. ‘ನಿಮ್ಮನೇಲಿ ರೊಟ್ಟಿ ಮಾಡಲ್ವಾ?’ ನಾನು ಮಾತು ತಪ್ಪಿಸಿ, ಇಲ್ಲಿ ಕೆಲಸ ಹೇಗಕ್ಕ ಎಂದು ಕೇಳಿದೆ. ಫೋಟೊ ತೆಗೆಯುವವರ ಮುಂದೆ ದಿನವಿಡೀ ಹಳೆ ಕಾಲದ ಹಾಗೆ ಸೀರೆ ಕಟ್ಟಿ ಕೂರುವುದು ಬೇಸರವಲ್ಲವೇ ಎಂಬ ಅರ್ಥದಲ್ಲಿ. ‘ಮೊದಲು ಕಾಫಿ ತೋಟಕ್ಕೆ ಜೀಪಿನಲ್ಲಿ ನಿಂತ್ಕೊಂಡು ಹೋಗ್ತಿದ್ದೆ. ಇಲ್ಲಿ ಜಿಗಣೆ ಇಲ್ಲ, ಮಳೆಲಿ ನೆನೆಯೋದಿಲ್ಲ. ತಿಂಗಳಾದ್ರೆ ದುಡ್ಡು ಅಕೌಂಟಿಗೆ ಬೀಳ್ತದೆ. ಮಗಳು ಪಿಯುಸಿ’ ಅಂದರು. ನನ್ನ ಸಿಟ್ಟು ಸ್ವಲ್ಪ ತೆಪ್ಪಗಾಯಿತು. ರೊಟ್ಟಿ ಮಾತ್ರ ಅಮ್ಮನದಕ್ಕಿಂತ ತೆಳುವಾಗಿತ್ತು. ಇದನ್ನು ಅಮ್ಮನಿಗೆ ಹೇಳಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಇದೇ ಚರ್ಚೆ. ಬೆಂಗಳೂರಿನ ಗೆಳತಿ ‘ಸ್ಟಾರ್ ವಾರ್ಸ್’ ಸಿನಿಮಾಗಳ ಹುಚ್ಚಿ. ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿ ಕಂಪನಿ ಅದೇ ಥೀಮಿನಲ್ಲಿ ಕಟ್ಟಿದ್ದ ‘ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್’ ಹೋಟೆಲ್ ಬಗ್ಗೆ ಹೇಳಿದಳು. ನೂರು ಕೋಣೆ, ಕಿಟಕಿಯ ಬದಲು ಆಕಾಶಗಂಗೆ ತೋರಿಸುವ ಪರದೆ. ಬಂದ ಅತಿಥಿಗಳೂ ಕಥೆಯ ಪಾತ್ರಗಳೇ. ಎರಡು ದಿನ ನಟರ ಜೊತೆ ಅವರೂ ಆಡಬೇಕು. ಇಬ್ಬರಿಗೆ ಎರಡು ರಾತ್ರಿಗೆ ಸುಮಾರು 4,800 ಡಾಲರ್, ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು. 2022ರ ಮಾರ್ಚ್‌ನಲ್ಲಿ ಶುರುವಾಗಿ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಯೇ ಹೋಯಿತು. ‘ಹೋಗಿ ಬಂದ ಅಭಿಮಾನಿಗಳು ಅದನ್ನ ಎಷ್ಟು ಹೊಗಳ್ತಾರೆ ಗೊತ್ತಾ? ಅದು ರೂಮಲ್ಲ ಕಣೇ, ನಾಟಕ. ನಾಟಕ ನೋಡಿ ಬಂದಮೇಲೆ ಕೈಯಲ್ಲಿ ಏನು ಉಳಿಯುತ್ತೆ ಅಂತ ಯಾರಾದ್ರೂ ಕೇಳ್ತಾರಾ?’ ಅಂದಳು.

ಒಳ್ಳೆಯ ಮಾತೇ. ನಾನು ಹೆಗ್ಗೋಡಿನ ಆಸುಪಾಸಿನವಳು, ನೀನಾಸಮ್ ತಿರುಗಾಟದ ನಾಟಕ ನೋಡಿಕೊಂಡೇ ಬೆಳೆದವಳು. ನಾಟಕಕ್ಕೆ ದುಡ್ಡು ಕೊಡುವುದು ದಂಡ ಎಂದು ನಾನಂತೂ ಹೇಳಲಾರೆ. ಆದರೆ ನಾಟಕದವರು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ. ಆ ಸ್ಟಾರ್‌ಕ್ರೂಸರ್‌ನಲ್ಲೂ ಮಾಡಿದ್ದರು. ನಾವು ಹೋದಲ್ಲಿ ತಾಲೀಮು ಇದ್ದದ್ದು ಬೆಳಕಿನ ವ್ಯವಸ್ಥೆ ಮಾಡಿದವನಿಗೆ ಮಾತ್ರ. ಹಂಡೆಯ ಬಗ್ಗೆ ಒಂದು ಕಥೆ ಹೇಳುವವರಿರಲಿಲ್ಲ. ಗದ್ದೆಯಲ್ಲಿ ನಿಂತ ಹುಡುಗನಿಗೆ ಅದು ಯಾವ ತಳಿಯ ಭತ್ತ ಎಂದು ಗೊತ್ತಿರಲಿಲ್ಲ. ಊಟಕ್ಕೆ ಮಲೆನಾಡಿನದು ಎಂದು ಇದ್ದದ್ದು ಒಂದು ಕಡುಬು. ಪಕ್ಕದಲ್ಲಿ ಪನೀರ್ ಬಟರ್ ಮಸಾಲ. ಮಳೆಗಾಲದ ಮಲೆನಾಡಿನಲ್ಲಿ ಕಳಲೆಯಿಲ್ಲ, ಪತ್ರೊಡೆಯಿಲ್ಲ!

ಪದವಿಯ ಎರಡನೇ ವರ್ಷದಲ್ಲಿ ಮೈಸೂರಿಗೆ ಹೋದಾಗ ಲಲಿತ ಮಹಲ್‌ನಲ್ಲಿ ನಾವು ಐದು ಜನ ಕಾಫಿ ಕುಡಿದು ಬಂದಿದ್ದೆವು. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ವೈಸ್‌ರಾಯ್‌ಗಳ ವಾಸ್ತವ್ಯಕ್ಕೆಂದು ಕಟ್ಟಿಸಲು ತೊಡಗಿದ ಅರಮನೆ ಅದು. ಹೋಟೆಲ್ ಆದದ್ದು 1974ರಲ್ಲಿ. ಅಮೃತಶಿಲೆಯ ಮೆಟ್ಟಿಲು, ನೃತ್ಯಶಾಲೆಯ ಛಾವಣಿ, ಕುರ್ಚಿಯ ಸವೆದ ಕೈಗಳು... ಯಾವುದನ್ನೂ ಯಾರೂ ‘ಥೀಮ್’ ಎಂದು ಅಲ್ಲಿ ತಂದಿಟ್ಟದ್ದಲ್ಲ. ಕಾಫಿ ಸಾಧಾರಣವಾಗಿತ್ತು, ಬೆಲೆ ಅಸಾಧಾರಣವಾಗಿತ್ತು. ಆದರೂ ಕೊಟ್ಟದ್ದಕ್ಕೆ ಬೇಸರವಾಗಲಿಲ್ಲ. ಕಬಿನಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನಲ್ಲಿ ಉಳಿದು ಬಂದ ಸಹೋದ್ಯೋಗಿಯೊಬ್ಬರು ಇನ್ನೂ ಹೆಚ್ಚು ಖರ್ಚು ಮಾಡಿದ್ದರು. ಅವರು ಕೋಣೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಫಾರಿಯಲ್ಲಿ ಜೊತೆಗಿದ್ದ ನ್ಯಾಚುರಲಿಸ್ಟ್ ಜಿಂಕೆಯ ಒಂದು ಕೂಗು ಕೇಳಿ ಹುಲಿ ಯಾವ ದಿಕ್ಕಿನಲ್ಲಿದೆ ಎಂದು ಹೇಳಿದ್ದನ್ನೇ ವಾರಗಟ್ಟಲೆ ಹೇಳಿದರು. ಹೀಗೆ ಗೊತ್ತಿರುವ ಮನುಷ್ಯ ಸಿಗುವುದಾದರೆ, ಅಥವಾ ಬೇರೆಲ್ಲೂ ಸಿಗದ ಜಾಗವಾದರೆ ದುಡ್ಡು ಕೂಡಿಟ್ಟು ಹೋಗಿ ಎಂದೇ ನಾನು ಹೇಳುತ್ತೇನೆ. ವರ್ಷಕ್ಕೊಮ್ಮೆ ಹೋದರೂ ಸಾಕು. ಕಂತಿನ ಮೇಲೆ ಮಾತ್ರ ಬೇಡ. ಆ್ಯಪಿನವರು ‘ಈಗ ಹೋಗಿ ಬನ್ನಿ, ಆಮೇಲೆ ಕೊಡಿ’ ಎಂದು ಕರೆಯುತ್ತಾರೆ. ಕೆಲಸ ಇವತ್ತಿದ್ದು ನಾಳೆ ಇಲ್ಲವಾಗುವ ಕಾಲದಲ್ಲಿ, ಮುಗಿದುಹೋದ ಒಂದು ರಾತ್ರಿಗೆ ಆರು ತಿಂಗಳು ಕಂತು ಕಟ್ಟುವುದು ನನ್ನ ಬುದ್ಧಿಗೆ ಒಗ್ಗುವುದಿಲ್ಲ.

ಮತ್ತು ಯಾರ ಥೀಮು ಎಂಬುದನ್ನೂ ಸ್ವಲ್ಪ ಯೋಚಿಸಿ. ನಾನು ನನ್ನದೇ ಬಾಲ್ಯವನ್ನು ಬಾಡಿಗೆಗೆ ಪಡೆದೆ. ಕಲಬುರಗಿಯ ಗೆಳತಿಯ ಹಾಗೆ ಕಾಣದ್ದನ್ನು ಕಾಣಲು ಹೋಗಿದ್ದರೆ ನನ್ನ ಲೆಕ್ಕವೂ ಬೇರೆಯಾಗುತ್ತಿತ್ತೇನೋ.

ಈಗ ಅಮ್ಮನಿಗೆ ಹೇಳದ ಸಂಗತಿ. ಕಾರಿನ ಪಾಲು, ಹಂಡೆ, ನಾಟಿ ಎಲ್ಲ ಸೇರಿ ನನ್ನ ಖರ್ಚು ಏಳು ಸಾವಿರ ದಾಟಿತ್ತು. ಆಕೆಗೆ ಹೇಳಿದ್ದು ಐದೇ. ಆ ತಿಂಗಳು ಮನೆಗೆ ದುಡ್ಡು ಕಳಿಸಿರಲಿಲ್ಲ. ‘ಸ್ವಲ್ಪ ಟೈಟಿದೆ ಅಮ್ಮಾ’ ಅಂದಿದ್ದೆ. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ತೋಟದ ಅಡಿಕೆ ಅರ್ಧಕ್ಕಿಳಿದಿದೆ. ಮಂಗಗಳು ಹಾರಿ ಹಾರಿ ಬಚ್ಚಲುಮನೆಯ ಹೆಂಚು ಒಡೆದಿದ್ದವು. ಜೋರು ಮಳೆ ಶುರುವಾಗುವುದರೊಳಗೆ ಅದನ್ನು ಸರಿ ಮಾಡಿಸಬೇಕು ಎಂದು ಅಮ್ಮ ನನ್ನ ದುಡ್ಡಿಗೆ ಕಾಯುತ್ತಿದ್ದಳು. ನಾನು ಅಲ್ಲಿ ಹಂಡೆ ನೀರಿನ ಫೋಟೊ ತೆಗೆಸಿಕೊಳ್ಳುವಾಗ ಇಲ್ಲಿ ನಮ್ಮ ಹಂಡೆಯ ಮೇಲೆ ಟಾರ್ಪಾಲು ಕಟ್ಟಿತ್ತು. ಇದು ನನಗೆ ಗೊತ್ತಾದದ್ದು ತಂಗಿ ಕಳಿಸಿದ ವಿಡಿಯೊದಿಂದ. ಆಕೆ ಅದನ್ನು ತಮಾಷೆಗೆ ಕಳಿಸಿದ್ದಳು. ಟಾರ್ಪಾಲಿನಿಂದ ನೀರು ಸೋರಿ ಉರಿ ಆರಿಹೋಗುತ್ತಿತ್ತು, ಅಪ್ಪ ಊದುಕೊಳವೆ ಹಿಡಿದು ಬೈದುಕೊಳ್ಳುತ್ತಿದ್ದರು.

ಮುಂದಿನ ಎರಡು ತಿಂಗಳು ಏಳೇಳು ಸಾವಿರ ಕಳಿಸಿದೆ. ವೀಕೆಂಡ್‌ಗಳಲ್ಲಿ ಪಿ.ಜಿ.ಯಲ್ಲೇ ಬಿದ್ದುಕೊಂಡೆ.

ಕಲಬುರಗಿಯವಳು ದೀಪಾವಳಿಗೆ ನಮ್ಮ ಮನೆಗೆ ಬರುತ್ತೇನೆ ಎಂದು ಕೂತಿದ್ದಾಳೆ, ಬಸ್ ಟಿಕೆಟ್ ಕೂಡ ಮಾಡಿಸಿದ್ದಾಳೆ. ನಿನ್ನೆ ಅಮ್ಮನಿಗೆ ಹೇಳಿದೆ. ‘ಆ ಹುಡುಗಿ ಐದು ಸಾವಿರದ ಮನೆ ನೋಡಿ ಬಂದವಳು, ನಮ್ಮನೇಲಿ ಹ್ಯಾಗಿರ್ತಾಳೇ?’ ಎಂದಳು. ಜೋಳದ ರೊಟ್ಟಿ ತಟ್ಟಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲವಲ್ಲ ಎಂಬುದು ಇನ್ನೊಂದು ಯೋಚನೆ. ಆಮೇಲೆ, ಅಷ್ಟರೊಳಗೆ ಬಚ್ಚಲಿಗೆ ಹೆಂಚು ಹೊದಿಸಲೇಬೇಕು, ಯಾರಾದರೂ ಆಳು ಸಿಗುತ್ತಾರಾ ನೋಡಿ ಎಂದು ಅಪ್ಪನನ್ನು ಕೂಗುತ್ತಾ ಫೋನ್ ಇಟ್ಟಳು.