ತವರಿನ ತೆರಿಗೆ

ಕಳೆದ ತಿಂಗಳು ನನ್ನ ಬಾಲ್ಯಸ್ನೇಹಿತನ ಮಗಳು ಟೊರಾಂಟೋದಿಂದ ಬಂದಿದ್ದಳು. ಹುಟ್ಟಿ ಬೆಳೆದುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಮದುವೆಯಾಗಿ ಸೇರಿದುದು ಕೆನಡಾವನ್ನು. ಈಗ ಎರಡು ದೇಶಗಳಿಗೂ ಪೌರಳು. ಅಮೆರಿಕದ ಸಂಸ್ಥೆಯೊಂದರ ಕೆಲಸವನ್ನು ಟೊರಾಂಟೋದ ಮನೆಯಲ್ಲಿ ಕುಳಿತೇ ಮಾಡುತ್ತಾಳೆ. "ಮಾಮಾ, ದುಡಿಮೆ ಒಂದು, ಲೆಕ್ಕ ಒಪ್ಪಿಸುವುದು ಮಾತ್ರ ಎರಡು ಸರ್ಕಾರಕ್ಕೆ. ಅಮೆರಿಕದ ಪೌರತ್ವವನ್ನೇ ಬಿಟ್ಟುಬಿಡಲೇ?" ಎಂದು ಕೇಳಿದಳು. ಒಡನೆ ಉತ್ತರ ಹೇಳುವುದು ನನ್ನಿಂದಾಗಲಿಲ್ಲ.

ವರಮಾನ ತೆರಿಗೆಯನ್ನು ಕೇಳುವ ಸರ್ಕಾರಕ್ಕೆ ಮೂರು ಪ್ರಶ್ನೆಗಳುಂಟು: ನಿನ್ನ ವಾಸವೆಲ್ಲಿ? ದುಡಿದದ್ದೆಲ್ಲಿ? ನೀನು ಯಾವ ದೇಶದವನು? ಹಿಂದೆ ಬಹುಮಂದಿಗೆ ಮೂರಕ್ಕೂ ಉತ್ತರ ಒಂದೇ ಆಗಿದ್ದಿತು. ಕೆನಡಾ, ಲೋಕದ ಬಹುತೇಕ ದೇಶಗಳಂತೆ, ಮುಖ್ಯವಾಗಿ ವಾಸವನ್ನು ನೋಡುತ್ತದೆ. ಸಂಬಳ ಅಮೆರಿಕದಿಂದ ಬಂದರೂ ದುಡಿಮೆ ನಡೆಯುವುದು ಟೊರಾಂಟೋದಲ್ಲಿ. ಆದುದರಿಂದ ತೆರಿಗೆಯ ಮೊದಲ ಹಕ್ಕು ಕೆನಡಾದ್ದು. ಅಮೆರಿಕವಾದರೋ ಪೌರತ್ವವನ್ನೂ ಹಿಡಿದು ಕೇಳುತ್ತದೆ.

ಈ ಪದ್ಧತಿಯ ಬೇರು 1861-65ರ ಅಂತರ್ಯುದ್ಧದ ಕಾಲದ ಕಾನೂನಿನಲ್ಲಿದೆ. ಮೆಕ್ಸಿಕೋದಲ್ಲಿ ನೆಲೆಸಿ ಅಲ್ಲಿಯೇ ಆದಾಯ ಪಡೆಯುತ್ತಿದ್ದ ಕುಕ್ ಎಂಬ ಅಮೆರಿಕದ ಪೌರನು ಇದನ್ನು ಪ್ರಶ್ನಿಸಿದಾಗ, 1924ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಪರವಾಗಿಯೇ ತೀರ್ಪಿತ್ತಿತು. ಪೌರನು ಎಲ್ಲಿದ್ದರೂ ರಾಷ್ಟ್ರದ ರಕ್ಷಣೆ ಅವನ ಬೆನ್ನಿಗಿದೆ ಎಂಬುದು ಅದರ ತರ್ಕ.

ಹಾಗೆಂದು ಅವಳು ತೆರಿಗೆಯನ್ನು ಎರಡು ಸಲ ಪೂರ್ತಿ ತೆರುತ್ತಾಳೆಂದು ತಿಳಿಯಬಾರದು. ಕೆನಡಾಕ್ಕೆ ತೆತ್ತದ್ದನ್ನು ಅಮೆರಿಕ ವಜಾ ಮಾಡಿಕೊಡುತ್ತದೆ; ಅನೇಕ ವೇಳೆ ಉಳಿಯುವ ಬಾಕಿ ಸೊನ್ನೆ. ಆದರೂ ಪ್ರತಿವರ್ಷ ಲೆಕ್ಕ ಸಲ್ಲಿಸಲೇಬೇಕು. ಪರದೇಶದ ಬ್ಯಾಂಕುಗಳಲ್ಲಿ ಒಟ್ಟು 10,000 ಡಾಲರು ಮೀರಿದರೆ ಅದನ್ನೂ ತಿಳಿಸಬೇಕು. ಕೆನಡಾ 2009ರಲ್ಲಿ ತನ್ನ ಜನರಿಗೆ ತೆರಿಗೆಯಿಲ್ಲದ ಉಳಿತಾಯದ ಖಾತೆಯೊಂದನ್ನು ಒದಗಿಸಿತು. ಅಮೆರಿಕದ ಕಾನೂನು ಆ ವಿನಾಯಿತಿಯನ್ನು ಮನ್ನಿಸದು. 1964ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಬೋರಿಸ್ ಜಾನ್ಸನ್ನರು ಲಂಡನ್ನಿನ ತಮ್ಮ ಮನೆಯನ್ನು ಮಾರಿದುದಕ್ಕೂ ಅಮೆರಿಕ ತೆರಿಗೆ ಕೇಳಿತು. 2016ರಲ್ಲಿ ಅವರು ಆ ಪೌರತ್ವವನ್ನು ತ್ಯಜಿಸಿದರು.

ನಮ್ಮ ಸಂವಿಧಾನವು ದ್ವಿಪೌರತ್ವವನ್ನು ಒಪ್ಪುವುದಿಲ್ಲ. 2005ರಿಂದ ದೊರೆಯುತ್ತಿರುವ ಸಾಗರೋತ್ತರ ಭಾರತೀಯರ ಚೀಟಿ ಹೆಸರಿಗೆ ಪೌರತ್ವವಾದರೂ ನಿಜವಾದ ಪೌರತ್ವವಲ್ಲ. ಆದರೆ ಅಮೆರಿಕದ ಪೌರನಾಗಿ ಬೆಂಗಳೂರಿಗೆ ಮರಳಿ ನೆಲೆಸಿ, ಅಲ್ಲಿನ ಸಂಸ್ಥೆಗೆ ಇಲ್ಲಿಂದಲೇ ದುಡಿಯುವ ಕನ್ನಡಿಗನಿಗೂ ಇದೇ ಎರಡು ಲೆಕ್ಕದ ಗಂಟು ಬಿದ್ದಿದೆ.

ಅಮೆರಿಕದ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಸ್ನೇಹಿತನ ಮಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಬೇಕೆಂದಾಗ ಮರಳುವ ಹಕ್ಕೂ ಇದೆ. ಹಕ್ಕಿಗೆ ಋಣವಿರುವುದು ಸಹಜ. ಆದರೆ ಅವಳ ಮಕ್ಕಳ ಶಾಲೆ, ಅವಳು ನಡೆಯುವ ರಸ್ತೆ, ಕಾಯಿಲೆಗೆ ಆಸ್ಪತ್ರೆ, ಇವೆಲ್ಲ ಕೆನಡಾದವು. ಉಂಡ ಮನೆಯ ಋಣವನ್ನು ಅವಳು ತೀರಿಸುತ್ತಿದ್ದಾಳೆ. ತವರು ಮಗಳ ಯೋಗಕ್ಷೇಮ ವಿಚಾರಿಸಲಿ. ಅತ್ತೆಮನೆಯ ಉಗ್ರಾಣದ ಲೆಕ್ಕ ಕೇಳುವುದು ತರವಲ್ಲ. ಬದಲಾಗಬೇಕಾದುದು ಕಾನೂನು.

ಹೊರಡುವ ದಿನ ಅವಳಿಗೆ ಇಷ್ಟೇ ಹೇಳಿದೆ: "ಲೆಕ್ಕದ ಬೇಸರಕ್ಕೆ ಹುಟ್ಟಿದ ನಾಡನ್ನು ಬಿಡಬೇಡಮ್ಮ, ಬಿಡುವುದಾದರೆ ಅದು ನಿನ್ನದಲ್ಲವೆಂದು ಮನಸ್ಸಿಗೆ ತೋರಿದಾಗ ಬಿಡು." ಅವಳು ನಕ್ಕಳು, ಏನನ್ನೂ ಹೇಳಲಿಲ್ಲ.